ಗೂಳಿ ಹದಿನಾಲ್ಕು ಸಲ ಒತ್ತಿದ

ನನ್ನ ಗಂಡನನ್ನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗೂಳಿ ಎನ್ನುತ್ತಿದ್ದರು. ಕತ್ತು ಹಾಗಿತ್ತು, ಸಿಟ್ಟೂ ಹಾಗೇ. ಸರದಿ ತಪ್ಪಿಸಿದ ಒಬ್ಬನ ಮುಂದಿನ ಹಲ್ಲು ಉದುರಿಸಿದ್ದ. ನನಗೂ ಎರಡು ಸಲ ಹೊಡೆದ. ಎರಡನೆಯ ಸಲ ನಾನು ಕಾದ ಇಸ್ತ್ರಿಪೆಟ್ಟಿಗೆ ಎತ್ತಿದೆ. ಮತ್ತೆ ಕೈಮಾಡಲಿಲ್ಲ. ಸತ್ತವನನ್ನು ದೇವರು ಮಾಡಿ ಬರೆಯಲು ನನಗೆ ಬರುವುದಿಲ್ಲ.

ಅವನಿಗೆ ಓದು ಬರುತ್ತಿರಲಿಲ್ಲ. ನನ್ನದು ನಾಲ್ಕನೇ ಕ್ಲಾಸು. ಟ್ಯಾಕ್ಸಿ ಕಂಪನಿಯ ಆ್ಯಪ್ ಬಂದಾಗ ಅಕ್ಷರ ಬಿಟ್ಟು ಬಟನುಗಳ ಜಾಗ ಕಲಿಸಿದೆ. ಮೇಲಿನದು ಬಾಡಿಗೆ ಒಪ್ಪಲು, ಪಕ್ಕದ್ದು ಬೇಡ ಎನ್ನಲು. ಬಲಗಡೆ ಕೆಳಮೂಲೆಯ ಕೆಂಪು ಬಟನ್, ಯಾರಾದರೂ ಮೈಮೇಲೆ ಬಿದ್ದರೆ ಸಹಾಯ ಕರೆಯಲು.

"ನನ್ನ ಮೈಮೇಲೆ ಬೀಳೋಕೆ ಯಾವನಿಗಿದೆಯೇ ಗುಂಡಿಗೆ?"

"ನಿನ್ನ ಮೇಲೆ ಬೀಳೋಕೆ ಕ್ರೇನ್ ಬೇಕು. ಸುಮ್ನೆ ಕಲಿ."

ಹೆಬ್ಬೆರಳು ಕಲಿಯಿತು. ಮೂರು ವರ್ಷ ಪರದೆ ನೋಡದೆ ಒತ್ತಿದ. ಓದು ಬರದ ಚಾಲಕರೆಲ್ಲ ಹಾಗೇ.

ಆಮೇಲೆ, ನಮಗೆ ತಿಳಿಸದೆ, ಕಂಪನಿ ಆ ಸಹಾಯದ ಬಟನನ್ನು ಒಳಗಿನ ಪುಟಕ್ಕೆ ದಬ್ಬಿತು. ಕೈತಪ್ಪಿ ಒತ್ತಿದರೂ ಅವರು ಫೋನು ಮಾಡಿ ವಿಚಾರಿಸಬೇಕಂತೆ, ಜನ ಸಾಲದಂತೆ. ಅದೇ ಮೂಲೆಗೆ, ಅದೇ ಕೆಂಪಿನಲ್ಲಿ, 'ಗೆಳೆಯರನ್ನು ಸೇರಿಸಿ' ಎಂದು ಇಟ್ಟರು. ಒತ್ತಿದರೆ, ನೀವೂ ಚಾಲಕರಾಗಿ ಬನ್ನಿ ಎಂಬ ಮೆಸೇಜು ಫೋನಿನ ಮೊದಲ ನಂಬರಿಗೆ ಹೋಗುತ್ತದೆ. ಗೂಳಿಯ ಫೋನಿನಲ್ಲಿ ಮೊದಲ ನಂಬರು ನನ್ನದು.

ಅವನು ಸತ್ತ ಮಧ್ಯಾಹ್ನ ನಾನು ಲಾಂಡ್ರಿಯಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡುತ್ತಿದ್ದೆ. ಆ ಮೆಸೇಜು ಬಂತು. ಮತ್ತೆ ಬಂತು. ಬರುತ್ತಲೇ ಇತ್ತು.

"ಏನೇ, ನಿನ್ ಗಂಡಂಗೆ ಹುಚ್ಚು ಹಿಡೀತಾ?" ಎಂದಳು ಪಕ್ಕದವಳು.

"ಹೊಸದಾಗೇನು ಹಿಡಿಯೋದು," ಎಂದು ನಕ್ಕು ಫೋನನ್ನು ಶೀಟುಗಳ ಕೆಳಗೆ ತುರುಕಿದೆ.

ಆಗ ಕಾರಿನ ಹಿಂದಿನ ಸೀಟಿನವರಿಬ್ಬರು ಅವನ ಸೀಟ್‌ಬೆಲ್ಟನ್ನೇ ಕತ್ತಿಗೆ ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗುತ್ತಿದ್ದರು. ಒಳಗೆ ಸಿಗರೇಟು ಬೇಡ ಎಂದಿದ್ದಕ್ಕೆ. ಇವನು ಮೊಣಕೈಯಲ್ಲಿ ಒಬ್ಬನ ಮೂಗು ಜಜ್ಜಿದ್ದ. ಗೂಳಿಯ ಕತ್ತು, ಬೇಗ ಸೋಲಲಿಲ್ಲ. ಅಷ್ಟು ಹೊತ್ತೂ ಹೆಬ್ಬೆರಳು ಮೂಲೆಯನ್ನು ಒತ್ತುತ್ತಿತ್ತು.

ಕೊಂದವರು ಸಿಕ್ಕಿಬಿದ್ದರು. ಆದರೆ ಕಂಪನಿ ಕಾಗದ ಕಳಿಸಿತು: 'ಜಗಳ ಚಾಲಕನಿಂದಲೇ ಶುರುವಾಯಿತು. ಆತ ಸಹಾಯ ಕೋರಿಲ್ಲ.'

ಆ ಸಾಲು ತೆಗೆಸಲೇಬೇಕೆಂದು ಅವರ ಆಫೀಸಿಗೆ ಹೋದೆ. ಅಧಿಕಾರಿಗೆ ಹದಿನಾಲ್ಕು ಮೆಸೇಜು ತೋರಿಸಿದೆ.

"ಅಮ್ಮಾ, ಅದು ಸಹಾಯದ ಬಟನ್ ಅಲ್ಲ. ಸಹಾಯದ್ದನ್ನ ಒಳಗಿಟ್ಟಿದ್ದು ನಾನೇ. ಮೂರು ಸಲ ಒತ್ತಿದ್ರೆ ಸಿಗುತ್ತೆ, ಸುಲಭ."

"ತೋರಿಸಪ್ಪ."

ತನ್ನ ಫೋನು ತೆರೆದ. ನಾನು ಕುರ್ಚಿಯ ಹಿಂದೆ ಹೋಗಿ, ಅವನ ಕೊರಳಿನ ಗುರುತಿನ ಚೀಟಿಯ ಪಟ್ಟಿ ಹಿಡಿದು ತಿರುಚಿದೆ. ಇಸ್ತ್ರಿ ಹೊಡೆದ ಕೈ ನನ್ನದು.

"ಈಗ ಒತ್ತು! ಮೂರೇ ಸಲ ಅಲ್ವೇನೋ, ಒತ್ತು!"

ಕಾಲು ಮೇಜಿಗೆ ಬಡಿಯಿತು. ಮುಖ ಕಪ್ಪಿಟ್ಟಿತು. ಫೋನು ಕೆಳಗೆ ಬಿತ್ತು. ಕಾವಲಿನವರು ನನ್ನ ಮಣಿಕಟ್ಟು ಮುರಿದು ಬಿಡಿಸಿದರು. ಅವನು ಬದುಕಿದ.

ನನ್ನ ಮೇಲೆ ಕೊಲೆಯತ್ನದ ಕೇಸು. ಠಾಣೆಯಲ್ಲಿ ಬರೆದುಕೊಳ್ಳುವ ಪೊಲೀಸಿನವನು, "ಕಾರಣ ಏನಂತ ಬರೀಲಿ?" ಎಂದ. ಹೇಳಿದೆ. ಬರೆದದ್ದನ್ನು ಓದು ಎಂದೆ.

"ಆರೋಪಿಯ ಗಂಡನು ಸಾಯುವ ಮುನ್ನ ಸಹಾಯಕ್ಕಾಗಿ ಹದಿನಾಲ್ಕು ಬಾರಿ ಬಟನ್ ಒತ್ತಿದ್ದು..."

"ಇನ್ನೊಂದ್ಸಲ ಓದಪ್ಪ."

ಓದಿದ. ಕೆಳಗೆ ಸರ್ಕಾರದ ಮೊಹರು ಇತ್ತು.

"ಎಲ್ಲಿ ಸಹಿ ಹಾಕ್ಬೇಕು?" ಎಂದೆ.