ನಿಮ್ಮ ಸಬ್‌ಮರೀನ್ ಎಷ್ಟು ಎಚ್‌ಪಿ?

"ಎಷ್ಟ ಎಚ್‌ಪಿ ತಗೊಂಡಿ?" ಎಂದು ಭೂಪಾಲ ಕಾಕಾ ಫೋನಿನಲ್ಲಿ ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬರಲಿಲ್ಲ. ಆಗ ನನ್ನ ಬಲಗೈಯಲ್ಲಿ ಬ್ರಷ್ ಇತ್ತು, ಎಡಗೈಯಲ್ಲಿ ಸಬ್‌ಮರೀನ್ ಇತ್ತು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದೆ.

ಗಾಬರಿಯಾಗಬೇಡಿ. ಮಿರಜದಲ್ಲಿ ಔಷಧಿ ಅಂಗಡಿ ನಡೆಸುವ ನಿಮ್ಮ ಈ ಪದ್ಮಾ ನೌಕಾಪಡೆಗೆ ಸೇರಿಲ್ಲ. ನನ್ನ ಸಬ್‌ಮರೀನ್ ಪ್ಲಾಸ್ಟಿಕ್ಕಿನದು, ನಡುಬೆರಳಿನಷ್ಟು ಉದ್ದ. ಅಂಗಡಿಗೆ ಬರುವ ಮೆಡಿಕಲ್ ರೆಪ್ ಒಬ್ಬರು ಹೊಟ್ಟೆಯುರಿಯ ಗುಳಿಗೆಯ ಗುಣಗಾನ ಮುಗಿಸಿ ತಮ್ಮ ಭಾನುವಾರದ ಫೋಟೋ ತೋರಿಸಿದ್ದರು. ಸಾಂಗ್ಲಿಯ ಒಂದು ಕೆಫೆಯಲ್ಲಿ ದೊಡ್ಡ ಟೇಬಲ್, ಮೇಲೆ ನೀಲಿ ಬಟ್ಟೆಯ ಸಮುದ್ರ, ಸುತ್ತಲೂ ಬೆಳೆದ ಗಂಡಸರು, ಹೆಂಗಸರು. ಒಬ್ಬೊಬ್ಬರೂ ತಾವೇ ಜೋಡಿಸಿ ಬಣ್ಣ ಹಚ್ಚಿದ ಹಡಗಿನಿಂದ ಇನ್ನೊಬ್ಬರ ಹಡಗನ್ನು ಮುಳುಗಿಸುತ್ತಿದ್ದರು. ಇಡೀ ದಿನ ಬಿಪಿ, ಶುಗರ್ ಎನ್ನುವ ನನಗೆ ಯಾರನ್ನಾದರೂ ಮುಳುಗಿಸುವ ಆಸೆ ಬಹಳ ದಿನಗಳಿಂದ ಇತ್ತು. ಕಿಟ್ ತರಿಸಿದೆ.

ಐವತ್ತು ದಾಟಿದ ಮೇಲೆ ಇಂಥ ಸುಖ ಇನ್ನೊಂದಿಲ್ಲ ನೋಡಿ. ಇನ್ಸುಲಿನ್ ಸಿರಿಂಜಿನಲ್ಲಿ ಅಂಟು ತುಂಬಿ ಹನಿಹನಿಯಾಗಿ ಬಿಟ್ಟೆ. ಉಗುರು ತಿಕ್ಕುವ ಪಟ್ಟಿಯಿಂದ ಅಂಚು ನಯ ಮಾಡಿದೆ. ಪೆರಿಸ್ಕೋಪ್ ಮುರಿದುಹೋಯಿತು, ಸೂಜಿಯ ಮುಚ್ಚಳ ಕತ್ತರಿಸಿ ಹೊಸದು ಕೂರಿಸಿದೆ. ಮೇಲೆ ಬೂದು ಬಣ್ಣ, ಹೊಟ್ಟೆಗೆ ಕೆಂಪು. (ಕೆಂಪು ನೇಲ್ ಪಾಲಿಶ್. ತಂಗಿಯ ಮದುವೆಗೆ ತಂದದ್ದು, ಈಗ ಸಾರ್ಥಕವಾಯಿತು.)

ಇಷ್ಟರಲ್ಲಿ ಖಂಡೇರಾಜುರಿಯಿಂದ ಕಾಕಾನ ಫೋನು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ದ್ರಾಕ್ಷಿ ತೋಟದಲ್ಲಿ ಮೋಟರ್ ಪಕ್ಕ ನಿಂತೇ ಫೋನು ಮಾಡುವುದು ಅವರ ಪದ್ಧತಿ. ಅವರಿಗೆ ನಮ್ಮ ಮಾತು ಅರ್ಧ, ನಮಗೆ ಮೋಟರಿನ ಸದ್ದು ಪೂರ್ತಿ.

"ಏನ ಮಾಡಾಕತ್ತಿ ಮಗಳ?"

"ಬೋರ್ಡ್ ಗೇಮಿಗೆ ಸಬ್‌ಮರೀನ್ ಕುಂದ್ರಸಾಕತ್ತೇನ್ರಿ ಕಾಕಾ."

"ಬೋರಿಗೆ?"

"ಹೂಂ ರೀ, ಬೋರ್ಡಿಗೆ."

"ಎಷ್ಟ ಎಚ್‌ಪಿ ತಗೊಂಡಿ?"

ನನಗೆ ಸಂತೋಷವೇ ಆಯಿತು. ಈ ಆಟದಲ್ಲಿ ಪ್ರತಿ ಹಡಗಿಗೂ ಎಚ್‌ಪಿ ಇರುತ್ತದೆ. ಹಿಟ್ ಪಾಯಿಂಟ್. ಎಷ್ಟು ಪೆಟ್ಟು ತಿನ್ನುವವರೆಗೆ ಮುಳುಗದೆ ಉಳಿಯುತ್ತದೆ ಎಂಬ ಲೆಕ್ಕ. ಕಾಕಾನಿಗೆ ಇದೆಲ್ಲ ಹೇಗೆ ಗೊತ್ತು? ಮೊಮ್ಮಕ್ಕಳ ಮೊಬೈಲಿನ ಪ್ರಭಾವ ಎಂದುಕೊಂಡೆ.

"ಮೂರ ರೀ."

"ಮೂರ ಸಾಲೂದಿಲ್ಲವಾ. ಐದರದ್ದ ತಗೋಬೇಕಿತ್ತ."

"ಐದರದ್ದ ಭಾಳ ದೊಡ್ಡದ ಆಗತೈತ್ರಿ. ಇಡಾಕ ಜಾಗಾ ಎಲ್ಲೈತಿ?"

"ಜಾಗಾ ನಾ ಬಂದ ತೋರಸ್ತೇನಿ. ನೀ ಗಡಬಡ ಮಾಡಬ್ಯಾಡ" ಎಂದು ಫೋನಿಟ್ಟರು.

ಸಬ್‌ಮರೀನ್ ಅವರ ಕಿವಿಯಲ್ಲಿ ಸಬ್‌ಮರ್ಸಿಬಲ್ ಆಗಿತ್ತು. ಆಗದೇ ಇನ್ನೇನಾದೀತು? ನಮ್ಮ ತಾಲೂಕಿನಲ್ಲಿ ನೀರೊಳಗೆ ಇಳಿಯುವ ವಸ್ತು ಒಂದೇ, ಬೋರಿನ ಮೋಟರ್. ಅದಕ್ಕಿರುವ ಎಚ್‌ಪಿಯೂ ಒಂದೇ, ಹಾರ್ಸ್‌ಪವರ್.

ಈಗ ನಮ್ಮ ಅಪಾರ್ಟ್‌ಮೆಂಟಿನ ವಿಷಯ ಹೇಳಬೇಕು. ಸಾಂಗ್ಲಿ-ಮಿರಜ ರಸ್ತೆಯಲ್ಲಿ ನನ್ನ ಬಾಲ್ಯದಲ್ಲಿ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆರು ಮಹಡಿ ಬೆಳೆದಿದೆ. ಹೆಸರು 'ಸಾಗರ ದರ್ಶನ'. ಸಾಗರ ನೋಡಬೇಕೆಂದರೆ ಘಟ್ಟ ಇಳಿದು ರತ್ನಾಗಿರಿಗೆ ಹೋಗಬೇಕು. ನೀರು ನೋಡಬೇಕೆಂದರೆ ಟ್ಯಾಂಕರಿನ ದಾರಿ ಕಾಯಬೇಕು. ಕೃಷ್ಣೆ ಮಳೆಗಾಲದಲ್ಲಿ ಕರೆಯದೆ ಊರೊಳಗೆ ಬರುತ್ತಾಳೆ, ಬೇಸಿಗೆಯಲ್ಲಿ ಕೈಮುಗಿದರೂ ನಲ್ಲಿಗೆ ಬರುವುದಿಲ್ಲ. ಈ ಸೊಸೈಟಿಗೆ ನಾನು ಸೆಕ್ರೆಟರಿ. ಯಾರೂ ತಮ್ಮ ಸ್ವಂತಕ್ಕೆ ಬೋರ್ ಹೊಡೆಸಬಾರದು, ನೆಲದ ಕೆಳಗಿನ ನೀರು ಎಲ್ಲರದು ಎಂಬ ನಿಯಮವನ್ನು ಜಗಳ ಮಾಡಿ ಪಾಸು ಮಾಡಿಸಿದವಳೂ ನಾನೇ. ಆ ಕುರ್ಚಿಯ ಮೇಲೆ ನನಗೆ ಪ್ರೀತಿಯಿತ್ತು, ಸುಳ್ಳೇಕೆ ಹೇಳಲಿ? ಆ ನಿಯಮದ ಮೇಲಂತೂ ಇನ್ನೂ ಹೆಚ್ಚು.

ಮಾರನೆಯ ದಿನ ನಾನು ಅಂಗಡಿಯಲ್ಲಿದ್ದಾಗ ಕಾಕಾ ಬಸ್ಸಿಳಿದು ನೇರ ನಮ್ಮ ಪಾರ್ಕಿಂಗಿಗೆ ಹೋದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದು ನೀರಿನ ಸೆಲೆ ಹುಡುಕುವುದರಲ್ಲಿ ಅವರು ನಮ್ಮ ಕಡೆ ಹೆಸರುವಾಸಿ. ಸೆಲೆ ಇದ್ದಲ್ಲಿ ಕಾಯಿ ತಾನೇ ಎದ್ದು ನಿಲ್ಲುತ್ತದಂತೆ. ಧೋತರ, ಬಿಳಿ ಟೋಪಿ, ಕಾಲಲ್ಲಿ ಚಪ್ಪಲಿ ಇಲ್ಲ. ಕಾರುಗಳ ನಡುವೆ ಅವರು ಕಣ್ಣುಮುಚ್ಚಿ ಅಡ್ಡಾಡುತ್ತಿದ್ದರೆ ಬಾಲ್ಕನಿಗಳೆಲ್ಲ ತುಂಬಿ ಹೋದವಂತೆ.

ಕಾಯಿ ಎದ್ದು ನಿಂತಿತು. ಎಲ್ಲಿ? ಚೇರ್‌ಮನ್ ಸೂರ್ಯವಂಶಿ ಸಾಹೇಬರ ಕಾರಿನ ಜಾಗದಲ್ಲಿ.

ಅಲ್ಲಿಗೆ ಓಡಿಬಂದ ಸೂರ್ಯವಂಶಿಯವರಿಗೆ ಕಾಕಾ ಅಭಿಮಾನದಿಂದ ಮರಾಠಿಯಲ್ಲಿ ಹೇಳಿದರು: ನಮ್ಮ ಮಗಳು ಬೋರ್ ಹೊಡೆಸುತ್ತಿದ್ದಾಳೆ, ಸಬ್‌ಮರ್ಸಿಬಲ್ ಆಗಲೇ ಮನೆಯಲ್ಲಿ ತಂದಿಟ್ಟಿದ್ದಾಳೆ, ಮೂರು ಎಚ್‌ಪಿ.

ನಾನು ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ನನ್ನ ಮೆರವಣಿಗೆ ಆಗಿತ್ತು. 'ಬೇಲಿಯೇ ಹೊಲ ಮೇಯುವುದೇ?' ಎಂದು ಒಬ್ಬರು. 'ಭಾನುವಾರ ತುರ್ತು ಸಭೆ' ಎಂದು ಸೂರ್ಯವಂಶಿಯವರು, ದಪ್ಪ ಅಕ್ಷರದಲ್ಲಿ.

ಇನ್ನು ನನ್ನ ಜೊತೆ ಯಾರೂ ಮಾತನಾಡುವುದಿಲ್ಲ ಎಂದುಕೊಂಡೆ. ಆದದ್ದೇ ಬೇರೆ.

ಮೊದಲು ಬಂದವರು ಮೂರನೇ ಮಹಡಿಯ ಮಗದುಮ್, ಅಥಣಿ ಕಡೆಯಿಂದ ಬಂದು ನೆಲೆಸಿದ ಕಾಂಟ್ರಾಕ್ಟರ್. ಲಿಫ್ಟಿನಲ್ಲಿ ಎದುರಾದರೆ ಮೊಬೈಲ್ ನೋಡುವ ಮನುಷ್ಯ, ಅವತ್ತು ಬಾಗಿಲಲ್ಲೇ ಕೈಮುಗಿದರು.

"ಅಕ್ಕಾರ, ನೀರ ಬಿದ್ದ ಮ್ಯಾಲ ನಮಗೂ ಒಂದ ಪೈಪ್ ಬಿಡ್ರೆಲಾ."

"ಮಗದುಮ್, ಅದು ಬೋರ್ ಅಲ್ಲ. ಸಬ್‌ಮರೀನ್. ಆಟದ್ದು. ಪ್ಲಾಸ್ಟಿಕ್ ಹಡಗ."

ಅವರು ಒಂದು ಕಣ್ಣು ಮಿಟುಕಿಸಿದರು. "ಗೊತ್ತಾತ್ರಿ. ಹಡಗ. ನಾ ಯಾರಿಗೂ ಹೇಳಂಗಿಲ್ಲ."

ಅಲ್ಲಿಂದ 'ಹಡಗ' ಎಂಬುದು ಗುಟ್ಟಿನ ಮಾತಾಯಿತು. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ದನಿ ತಗ್ಗಿಸಿ "ಹಡಗ ಯಾವಾಗ ಇಳಸ್ತೀರಿ?" ಎಂದು ಕೇಳುವವರೇ. ಒಬ್ಬರು ಪೂರಣ ಪೋಳಿ ಕಳಿಸಿದರು. ನನ್ನ ಸ್ಕೂಟರಿಗೆ ನೆರಳಿನ ಜಾಗ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ, ಚೇರ್‌ಮನ್ ಸಾಹೇಬರ ಹೆಂಡತಿ ಸೂರ್ಯವಂಶಿ ವಹಿನಿ ಸ್ಟೀಲಿನ ಡಬ್ಬಿಯಲ್ಲಿ ಶ್ರೀಖಂಡ ತಂದರು. ಗಂಡ ಗ್ರೂಪಿನಲ್ಲಿ ನನ್ನನ್ನು ಗಲ್ಲಿಗೇರಿಸುತ್ತಿದ್ದ ಹೊತ್ತಿನಲ್ಲೇ! "ನೆರೆಹೊರೆ ಅಂದಮೇಲೆ ಹೊಂದಿಕೊಂಡು ಹೋಗಬೇಕು" ಎಂದು ಮರಾಠಿಯಲ್ಲಿ ಹೇಳಿ, ನನ್ನ ಕೈ ಒತ್ತಿ ಹೋದರು.

ಊರಿಗೆ ಹೊರಡುವ ಮುನ್ನ ಕಾಕಾನಿಗೆ ಸಬ್‌ಮರೀನ್ ತೋರಿಸಿದೆ. ಕಾಯಿ ಇಟ್ಟುಕೊಳ್ಳುವ ಅದೇ ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದ ಮೂರ ಎಚ್‌ಪಿ?"

"ಹೂಂ ರೀ."

"ಬಣ್ಣಾ ಮಾತ್ರ ಚಂದ ಹಚ್ಚೀದಿ" ಎಂದರು. ಇಡೀ ಕಟ್ಟಡದಲ್ಲಿ ನನ್ನ ಕೈಕೆಲಸವನ್ನು ಹೊಗಳಿದ್ದು ಅವರೊಬ್ಬರೇ. ನನ್ನ ಕಣ್ಣಲ್ಲಿ ನೀರು ಬಂತು. (ಸಾಗರ ದರ್ಶನದಲ್ಲಿ ಆ ವಾರ ಬಂದ ನೀರು ಅದೊಂದೇ.)

ಸಭೆಗೆ ಹೊರಡುವಾಗ ನಮ್ಮವರು ಅಡ್ಡ ಬಂದರು. ವಿಮೆ ಏಜೆಂಟರು, ಜನರ ಮನಸ್ಸು ಬಲ್ಲವರು. "ಪದ್ಮಾ, ನನ್ನ ಮಾತ ಕೇಳ. ಬೋರ್ ಹೊಡಸಾಕ ಹೊಂಟಿದ್ದೆ, ತಪ್ಪಾತು ಅಂತ ಹೇಳಿಬಿಡು."

"ಮಾಡದ ತಪ್ಪ ಯಾಕ ಒಪ್ಪಿಕೊಳ್ಳಲಿ?"

"ನೀರ ಕದ್ದಾಕಿ ಅಂದ್ರ ಬೈತಾರ, ಆದ್ರ ಲೆಕ್ಕಕ್ಕ ಇಡತಾರ. ಈ ವಯಸ್ಸಿನ್ಯಾಗ ಆಟದ ಸಾಮಾನ ಹಿಡಕೊಂಡ ಕುಂತಾಳ ಅಂದ್ರ ಲೆಕ್ಕದಿಂದನ ತಗದಬಿಡತಾರ."

ನಾನು ಕೇಳಲಿಲ್ಲ. ನಿಯಮ ಮಾಡಿದವಳೇ ನಿಯಮ ಮುರಿದಳು ಎಂಬ ಮಾತು ಉಳಿದರೆ, ನಾಳೆಯಿಂದ ಆ ನಿಯಮಕ್ಕೆ ಯಾರು ಬೆಲೆ ಕೊಡುತ್ತಾರೆ? ಟೆರೇಸಿನ ಮೇಲೆ ಎಲ್ಲರೂ ಸೇರಿದ್ದರು. ಮೇಜಿನ ಮಧ್ಯೆ, ಸೂರ್ಯವಂಶಿಯವರ ಕನ್ನಡಕದ ಪಕ್ಕದಲ್ಲಿ, ಸಬ್‌ಮರೀನ್ ಇಟ್ಟೆ.

"ಇದೇ ನನ್ನ ಸಬ್‌ಮರೀನ್. ಬೋರೂ ಇಲ್ಲ, ಮೋಟರೂ ಇಲ್ಲ."

ಸೂರ್ಯವಂಶಿಯವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮಗದುಮ್ ಆಸೆಯಿಂದ ಕೇಳಿದರು. "ಮೊಮ್ಮಗಗ ತಂದೀರಿ, ಹೌದಲ್ರಿ?"

"ಇಲ್ರಿ, ನನಗ."

"ಇದರಲೆ ಏನ ಮಾಡತೀರಿ?"

"ಆಡತೇನಿ."

ಆಗ ಆ ಮುಖಗಳನ್ನು ನೀವು ನೋಡಬೇಕಿತ್ತು. ಕಳ್ಳಿಯ ಮುಂದೆ ಕೈಮುಗಿದವರು ಈಗ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಒಬ್ಬರು ನಮ್ಮವರ ಹೆಗಲ ಮೇಲೆ ಕೈಯಿಟ್ಟರು. ಇನ್ನೊಬ್ಬರು ಒಳ್ಳೆಯ ಡಾಕ್ಟರು ಮಿರಜದಲ್ಲೇ ಇದ್ದಾರೆ ಎಂದರು, ನನಗೆ! ಸೂರ್ಯವಂಶಿಯವರು ಗಂಟಲು ಸರಿಮಾಡಿಕೊಂಡು, ಜವಾಬ್ದಾರಿಯ ಹುದ್ದೆಯಲ್ಲಿ ಗಂಭೀರ ವ್ಯಕ್ತಿಗಳಿರಬೇಕು, ಅಕ್ಕನವರಿಗೆ ವಿಶ್ರಾಂತಿಯ ಅಗತ್ಯವಿದೆ ಎಂದರು. ಎಲ್ಲರೂ ಕೈಯೆತ್ತಿದರು. ನೀರು ಕದಿಯುತ್ತಿದ್ದಾಳೆ ಎಂದು ನಂಬಿದ್ದಷ್ಟು ದಿನ ಆ ಕುರ್ಚಿಗೆ ಏನೂ ಆಗಿರಲಿಲ್ಲ, ಗಮನಿಸಿ.

ನಮ್ಮ ಆಟದಲ್ಲಿ ಒಂದು ನಿಯಮವಿದೆ. ಸಬ್‌ಮರೀನ್ ಮುಳುಗಿತು ಎಂದರೆ ಅದನ್ನು ಟೇಬಲ್ಲಿನಿಂದ ಎತ್ತಿಡಬೇಕು, ಯಾರಿಗೂ ಕಾಣಬಾರದು. ನಾನು ಅದನ್ನೆತ್ತಿಕೊಂಡು ಕೆಳಗಿಳಿದೆ.

ಹೊಸ ಕಮಿಟಿಯ ಮೊದಲ ತೀರ್ಮಾನವೇನು ಊಹಿಸಿ. ಸ್ವಂತ ಬೋರಿಗೆ ಅನುಮತಿ! ಆ ವಾರವೇ ಚೇರ್‌ಮನ್ ಸಾಹೇಬರ ಪಾರ್ಕಿಂಗಿನಲ್ಲಿ, ಕಾಕಾನ ಕಾಯಿ ಎದ್ದು ನಿಂತ ಜಾಗದಲ್ಲೇ, ಬೋರ್ ಗಾಡಿ ಬಂದು ನಿಂತಿತು. ಇಡೀ ದಿನ ಕೊರೆದರು. ನೀರು ಬರಲಿಲ್ಲ, ಬರೀ ಧೂಳು ಬಂತು. ಕಾಕಾನಿಗೆ ಫೋನು ಮಾಡಿ ಹೇಳಿದೆ. "ನಾ ಜಾಗಾ ತೋರಿಸಿದ್ದ ನಿನಗ, ಅವರಿಗಲ್ಲ" ಎಂದು ಮೋಟರ್ ಸದ್ದಿನ ನಡುವೆ ಕೂಗಿ ಫೋನಿಟ್ಟರು.

ಆ ದಿನ ನಾನು ಸಬ್‌ಮರೀನಿಗೆ ಕೊನೆಯ ವಾರ್ನಿಶ್ ಹಚ್ಚಿ ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದೆ. ಹಸಿ ವಾರ್ನಿಶ್ ಮೇಲೆ ಬೋರಿನ ಧೂಳೆಲ್ಲ ಕೂತುಬಿಟ್ಟಿತು. ಅಳುವುದೊಂದು ಬಾಕಿ. ಭಾನುವಾರ ಹಾಗೇ ಕೆಫೆಗೆ ಒಯ್ದೆ. ಅಲ್ಲಿ ಆಟ ನಿಂತೇ ಹೋಯಿತು. ಸಾಗರದಲ್ಲಿ ವರ್ಷಗಟ್ಟಲೆ ಅಲೆದು ಸವೆದಂತೆ ಕಾಣಬೇಕೆಂದು ಇವರೆಲ್ಲ ಹಡಗಿಗೆ ದುಬಾರಿ ಪುಡಿ ತರಿಸಿ ಉದುರಿಸುತ್ತಾರಂತೆ. "ಮೇಡಂ, ಇದ ಯಾವ ಕಂಪನಿ ಪೌಡರ್ ರೀ?" ಎಂದು ರೆಪ್ ಕೇಳಿದರು.

"ಸಾಗರ ದರ್ಶನ" ಎಂದೆ. ಅವರು ಮೊಬೈಲಿನಲ್ಲಿ ಬರೆದುಕೊಂಡರು. ಆ ದಿನ ನಾನು ಎರಡು ಹಡಗು ಮುಳುಗಿಸಿದೆ, ಎರಡಕ್ಕೂ ಮನಸ್ಸಿನಲ್ಲೇ ಹೆಸರಿಟ್ಟು.

ಮನೆಗೆ ಬಂದರೆ ಬಾಗಿಲಲ್ಲಿ ಸೂರ್ಯವಂಶಿ ವಹಿನಿ. ಮುಖದಲ್ಲಿ ನಗುವಿಲ್ಲ, ಕೂರುವ ಮಾತಿಲ್ಲ. ಶ್ರೀಖಂಡದ ಡಬ್ಬಿ ವಾಪಸು ಬೇಕಂತೆ.

ನಮ್ಮಲ್ಲಿ ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿಯಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾನು ಬಾಲ್ಕನಿ ಗುಡಿಸಿದ ಧೂಳು ತುಂಬಿ ಕೊಟ್ಟೆ: ನೆಲದ ಕೆಳಗಿನದು ಇನ್ನು ಮೇಲೆ ಬೋರ್ ಹೊಡೆಸಿದವರದೇ ತಾನೆ?