ಹೀರೋಯಿನ್ ಮಚ್ಚೆಗೆ ಅವ್ವನ ಹೆಬ್ಬೆರಳು

ದೋಸ್ತರೇ, ಕಮಲಾಪುರದ ನಾಟಕಗಳಿಗೆಲ್ಲ ಬಣ್ಣ ಹಚ್ಚಿದ ನನ್ನ ಕೈ ಇವತ್ತು ಹಾಲಿವುಡ್ಡಿಗೂ ಹೋಗಿಬಂತು. ಅಕ್ಕನ ಮಗಳು ವೈಶಾಲಿಗೆ ಕಲಬುರಗಿಯ ಕಾಲೇಜಿನಲ್ಲಿ ವೇಷದ ಸ್ಪರ್ಧೆ. ಹಳೆಯ ಇಂಗ್ಲಿಷ್ ಸಿನಿಮಾದ ಹೀರೋಯಿನ್ ಆಗಬೇಕೆಂದಳು. ಒದ್ದೆ ಸಾಬೂನು ತಿಕ್ಕಿ ಹುಬ್ಬು ಅಡಗಿಸಿ, ಮೇಲೆ ಪೆನ್ಸಿಲ್ಲಿನಿಂದ ದಾರದಂಥ ಕಮಾನು ಎಳೆದೆ. ಕೋಲ್ಡ್ ಕ್ರೀಮು, ಪೌಡರು, ಕೆಂಪು ತುಟಿ. ಕೊನೆಗೆ ತುಟಿಯ ಪಕ್ಕ ಸಾಸಿವೆಯಷ್ಟು ಕಪ್ಪು ಮಚ್ಚೆ. ಪಾರ್ಲರಿನವರು ಬಂದು ಕಲಿತು ಹೋಗಬೇಕು, ಹಾಗಿತ್ತು!

ಹೊರಡುವಾಗ ಅವ್ವ ಬಾಗಿಲಲ್ಲಿ ತಡೆದಳು. "ಇಷ್ಟು ಚಂದ ಮಾಡಿ, ದೃಷ್ಟಿಬೊಟ್ಟು ಇಷ್ಟೇ ಸಣ್ಣದು ಇಟ್ಟೀಯೇನೋ?" ಎಂದವಳೇ ಕಾಡಿಗೆ ಮೆತ್ತಿದ ಹೆಬ್ಬೆರಳನ್ನು ಮಚ್ಚೆಯ ಮೇಲೆ ಒತ್ತಿಬಿಟ್ಟಳು.

ವೈಶಾಲಿಗೆ ಅಳುವೇ ಬಂತು. "ಮಾಮಾ, ದುಂಬಿ ಕೂತಂಗ ಕಾಣಾಕತ್ತದ!"

"ಒರೆಸಿದರ ಪೌಡರೂ ಹೋಗ್ತದ. ಗತ್ತಿಲೆ ನಡಿ," ಎಂದೆ.

ವೇದಿಕೆಯ ಮೇಲೆ ಹಾಗೇ ನಡೆದಳು. ಎರಡನೇ ಬಹುಮಾನ! ತೀರ್ಪು ಕೊಟ್ಟ ಮೇಡಂ ನನ್ನನ್ನು ಕರೆದು, "ಮೇಕಪ್ ಭಾರಿ ಅದರೀ, ಮಚ್ಚಿ ಒಂದೇ ಅತಿ ಆಯ್ತು," ಅಂದರು.

ಮನೆಗೆ ಬಂದು ಅದನ್ನೇ ಅವ್ವನಿಗೆ ಹೇಳಿದೆ. ಅವಳು ಬಹುಮಾನದ ಸ್ಟೀಲ್ ಡಬ್ಬಿಯನ್ನು ತಿರುಗಿಸಿ ನೋಡುತ್ತ, "ಇನ್ನೊಂದು ಗಲ್ಲಕ್ಕೂ ಇಟ್ಟಿದ್ದರ ಮೊದಲನೇದೇ ಬರ್ತಿತ್ತು," ಅಂದಳು.

ಮುಂದಿನ ಸಲ ಮೊದಲು ಕಾಡಿಗೆ ಡಬ್ಬಿ ಬಚ್ಚಿಡುತ್ತೇನೆ, ಆಮೇಲೆ ಸಾಬೂನು ಹುಡುಕುತ್ತೇನೆ.