ಬ್ಯಾಂಡಿಗೆ ಬರೆದ ತಿಲ್ಲಾನ

ಆ ಭಾನುವಾರ ಬೆಳಿಗ್ಗೆ ಹಾಲು ತಂದೆ. ಯೂನಿಫಾರಂಗೆ ಇಸ್ತ್ರಿ ಹಾಕಿದೆ. ಕ್ಲಾರಿನೆಟ್ಟಿನ ರೀಡು ನೆನೆಸಿದೆ, ಬಿಟ್ಟುಕೊಂಡಿದ್ದ ಪ್ಯಾಡು ಅಂಟಿಸಿದೆ. ಸ್ವರ ಬರೆದ ಹನ್ನೊಂದು ನೋಟ್‌ಬುಕ್ಕು ಚೀಲಕ್ಕೆ ತುಂಬಿಕೊಂಡು ಹೊಳೆನರಸೀಪುರದಲ್ಲಿ ಹಾಸನದ ಬಸ್ಸು ಹತ್ತಿದೆ.

ಆ ನೋಟ್‌ಬುಕ್ಕುಗಳಿಗೆ ಐದು ತಿಂಗಳು ಹಿಡಿದಿತ್ತು. ಮದುವೆ ಮೆರವಣಿಗೆಗೆ ನುಡಿಸುವ ಬ್ಯಾಂಡು ನಮ್ಮದು. ಹಾಸನದ ನಾಟ್ಯಶಾಲೆಯ ಮೇಡಂ ತಾವಾಗಿಯೇ ಕರೆಸಿ, ‘ಅಲರಿಪುವಿನಿಂದ ತಿಲ್ಲಾನದವರೆಗೆ ಇಡೀ ಭರತನಾಟ್ಯಾನ ನಿಮ್ಮ ಬ್ಯಾಂಡಿಗೆ ಹೊಂದಿಸಿಕೊಡಿ. ವಾರ್ಷಿಕೋತ್ಸವದಲ್ಲಿ ವೇದಿಕೆ ಮೇಲೆ ಕೂತು ನುಡಿಸುವಿರಂತೆ,’ ಅಂದಿದ್ದರು. ಮೂವತ್ತು ವರ್ಷ ಬೀದಿಯಲ್ಲಿ ನಿಂತೇ ಊದಿದವನಿಗೆ ಆ ‘ಕೂತು’ ಅನ್ನುವ ಮಾತೊಂದೇ ಸಾಕಾಯಿತು.

ನಾಟ್ಯಕ್ಕೆ ನುಡಿಸುವ ಪಿಟೀಲಿಗೆ ಉಸಿರು ಬೇಡ, ನಮಗೆ ಬೇಕು. ತಿಲ್ಲಾನದ ಓಟದಲ್ಲಿ ಉಸಿರೆಳೆಯಲು ಸಂದಿಯೇ ಇಲ್ಲ. ಒಂದೇ ಸಾಲನ್ನು ಇಬ್ಬರು ಕ್ಲಾರಿನೆಟ್ಟಿನವರಿಗೆ ಹಂಚಿದೆ, ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿಯಲಿ ಅಂತ. ಟ್ರಂಪೆಟ್ಟಿಗೆ, ಸ್ಯಾಕ್ಸೊಫೋನಿಗೆ ಬೇರೆ ಬೇರೆ ಬರೆದೆ. ಅರಕಲಗೂಡು, ಚನ್ನರಾಯಪಟ್ಟಣದಿಂದ ನಮ್ಮವರು ವಾರವಾರ ಬಂದು ಕಲಿತರು. ಕೊನೆಗೊಂದು ದಿನ ಮೇಡಂ, ‘ಮಕ್ಕಳ ಅಭ್ಯಾಸಕ್ಕೆ ಬೇಕು,’ ಅಂತ ನಮ್ಮ ಕೈಲಿ ಪೂರ್ತಿ ನುಡಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ನಾವು ಖುಷಿಯಾಗೇ ನುಡಿಸಿದೆವು.

ಸಭಾಂಗಣಕ್ಕೆ ಹೋಗಿ ನೋಡಿದರೆ ವೇದಿಕೆ ಮೇಲೆ ನಮಗೆ ಒಂದು ಕುರ್ಚಿಯೂ ಇಲ್ಲ.

‘ರೆಕಾರ್ಡಿಂಗೇ ಎಷ್ಟು ಚೆನ್ನಾಗಿ ಬಂದಿದೆ! ಮಕ್ಕಳಿಗೂ ಅದೇ ರೂಢಿಯಾಗಿಬಿಟ್ಟಿದೆ, ಅದನ್ನೇ ಹಾಕ್ತೀವಿ,’ ಅಂದರು ಮೇಡಂ. ‘ಬೇಜಾರು ಮಾಡ್ಕೋಬೇಡಿ. ಅತಿಥಿಗಳು ಬರೋವಾಗ ಗೇಟಲ್ಲಿ ಏನಾದ್ರೂ ನುಡಿಸಿ.’

ಆಗಲ್ಲ ಅನ್ನಬೇಕಿತ್ತು. ಗೇಟಲ್ಲಿ ನಿಂತು ನುಡಿಸಿದೆವು.

ಆಮೇಲೆ ಒಳಗೆ ಹೋಗಿ, ಹಿಂದಿನ ಗೋಡೆಗೆ ಒರಗಿ ನಮ್ಮದೇ ತಿಲ್ಲಾನ ಕೇಳಿದೆವು. ಅರಕಲಗೂಡಿನ ಟ್ರಂಪೆಟ್ಟಿನವನು ಕಿವಿಗೆ ಬಾಗಿ, ‘ಅಣ್ಣೋ, ನಮ್ ತಿಥಿಗೆ ನಾವೇ ಬಂದಂಗಾಯ್ತಲ್ಲ. ಊಟನಾದ್ರೂ ಆಕ್ತಾರಾ ಕೇಳು,’ ಅಂದ.

ಮುಂದೆ ಕೂತಿದ್ದ ಹೆಂಗಸು ತಿರುಗಿ ಗದರಿದರು: ‘ಸುಮ್ಮನಿರ್ರೀ, ಮ್ಯೂಸಿಕ್ ಕೇಳಿಸ್ತಿಲ್ಲ!’

ಸಂಜೆ ಮನೆಗೆ ಬಂದೆ. ‘ಚಪ್ಪಾಳೆ ಬಿತ್ತಾ?’ ಅಂದಳು ಹೆಂಡತಿ. ‘ಬಿತ್ತು,’ ಅಂದೆ. ಸುಳ್ಳೇನಲ್ಲ.

‘ಮೇಲೆ ಕೂತಿರೋ ಫೋಟೊ ತೋರ್ಸಿ ಮತ್ತೆ.’

‘ಹಸಿವಾಗಿದೆ ಕಣೇ, ಮೊದ್ಲು ಬಡಿಸು.’

ಮುದ್ದೆ, ಹುರುಳಿಕಾಳಿನ ಸಾರು ಉಂಡೆ. ಅವಳು ಪಾತ್ರೆ ತೊಳೆದು ಬರುವಷ್ಟರಲ್ಲಿ ನಾನು ಹೊದ್ದು ಗೋಡೆ ಕಡೆ ತಿರುಗಿದ್ದೆ. ಮೊದಲು ನಿದ್ದೆ ಹೋದವಳು ಅವಳೇ.